ಬರ್ತೇನಿ ಅನ್ನಬಾರದ ಮನೆಯಲ್ಲಿ ಅಂದುಬಿಟ್ಟೆ

ಕಳೆದ ವರ್ಷ ಭಾದ್ರಪದದ ಒಂದು ಮಂಗಳವಾರ ನಿಡಗುಂದಿಯ ಒಂದು ಮನೆಯಲ್ಲಿ ನನ್ನ ಬಾಯಿಂದ ಒಂದು ಮಾತು ಜಾರಿತು. ಆ ಮಾತಿನಿಂದ ಒಬ್ಬ ಮನುಷ್ಯ ಸಾಯುತ್ತಾನೆಂದು ಜನ ನಂಬಿದರು. ಸುಳ್ಳು ಯಾಕೆ ಹೇಳಲಿ, ನಾನೂ ನಂಬಿದೆ. ಅದರಿಂದ ನಮ್ಮೂರ ಗುಡಿಯ ಹನುಮಪ್ಪ ನಮ್ಮನ್ನು ಹೇಗೆ ದಾಟಿಸಿದ ಎಂಬುದನ್ನು ಬರೆದುಕೊಡು ಎಂದು ಶನಿವಾರದ ಭಜನೆಯ ಅಕ್ಕತಂಗಿಯರು ಗಂಟುಬಿದ್ದಿದ್ದಾರೆ. ನನಗೆ ಪಾಲಿಸಿಯ ಫಾರ್ಮು ತುಂಬಿ ಗೊತ್ತೇ ಹೊರತು ಇಂಥದ್ದು ಬರೆದು ಗೊತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮುದ್ದೇಬಿಹಾಳದವಳು, ಹೆಸರು ಸುಮಿತ್ರಾ. ಹದಿನಾರು ವರ್ಷದಿಂದ ಜೀವವಿಮೆ ಏಜೆಂಟ್. ಈ ಕೆಲಸದಲ್ಲಿ ಪಾಲಿಸಿ ಮಾಡಿಸುವುದು ಆಮೇಲಿನ ಮಾತು, ಮೊದಲು ಹೆಸರು ಹುಡುಕಬೇಕು. ಲಗ್ನಪತ್ರಿಕೆ ಬಂದರೆ ಎಲ್ಲರೂ ಮುಹೂರ್ತ ನೋಡಿದರೆ ನಾನು ಕೆಳಗೆ ಅಚ್ಚಾದ ಹೆಸರುಗಳನ್ನು ನೋಡುತ್ತೇನೆ. ಬಸುರಿಯ ಕುಬುಸದ ಕಾರ್ಯ, ತೊಟ್ಟಿಲ ಕಾರ್ಯ, ಹೊಸ ಅಂಗಡಿಯ ಪೂಜೆ, ಯಾವುದನ್ನೂ ತಪ್ಪಿಸುವವಳಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಟ್ಟಿಲ್ಲ. "ಬಾಯಾರ ಬಾಜೂ ಕುಂದ್ರಬ್ಯಾಡ್ರಿ, ಇಳಿಯೂದ್ರಾಗ ಸಹಿ ಮಾಡಿಸ್ಕೋತಾರ" ಎಂದು ಒಬ್ಬ ಕಂಡಕ್ಟರ್ ನನ್ನನ್ನು ತೋರಿಸಿ ಯಾವಾಗಲೂ ಚೇಷ್ಟೆ ಮಾಡುತ್ತಿದ್ದ. ನಮ್ಮ ಕಡೆ ಹೆಂಗಸರನ್ನು ಬಾಯಿ, ಬಾಯಾರ ಎಂದೇ ಕರೆಯುತ್ತಾರೆ.

ಸಿಕ್ಕ ಹೆಸರೆಲ್ಲ ಕೆಂಪು ರಟ್ಟಿನ ಒಂದು ಪುಸ್ತಕಕ್ಕೆ ಹೋಗುತ್ತದೆ. ಒಬ್ಬರಿಗೆ ಒಂದು ಹಾಳೆ. ಕೆಳಗೆ ಅವರು ಆಡಿದ ಏನಾದರೊಂದು ಮಾತು ಬರೆದಿಡುತ್ತೇನೆ, ಮುಂದಿನ ಸಲ ಅಲ್ಲಿಂದಲೇ ಮಾತು ಶುರುಮಾಡಲು. ಮತ್ತು ಹೊರಡುವಾಗ ಯಾವ ಮನೆಯಲ್ಲೂ ತಪ್ಪದೆ ಹೇಳುತ್ತೇನೆ: "ಬರ್ತೇನ್ರಿ, ಮತ್ತ ಬರ್ತೇನಿ." ಮತ್ತೆ ಮತ್ತೆ ಹೋಗದಿದ್ದರೆ ಈ ಕೆಲಸ ನಡೆಯುವುದಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಒಂದು ಮನೆಯಲ್ಲಿ ಹಠಾತ್ತನೆ ಸಾವಾದರೆ ಆ ಓಣಿಯ ಜನ ಹದಿನೈದು ದಿನ ನಮ್ಮ ಮಾತಿಗೆ ಕಿವಿಗೊಡುತ್ತಾರೆ. ನಾವು ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸಾಂತ್ವನಕ್ಕೆ ಹೋಗುವಾಗ ಪುಸ್ತಕವನ್ನು ಮನೆಯಲ್ಲಿ ಬಿಟ್ಟೂ ಹೋಗುವುದಿಲ್ಲ.

ನಿಡಗುಂದಿಯಲ್ಲಿ ಗುರಪ್ಪ ಎಂಬವರ ಗೊಬ್ಬರದ ಅಂಗಡಿ. ಎರಡು ವರ್ಷ ನನ್ನನ್ನು "ನಾಳೆ ನೋಡೂಣ್ರಿ" ಎಂದು ಓಡಾಡಿಸಿದ ಮನುಷ್ಯ ಅಂಗಡಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ನಲವತ್ತನಾಲ್ಕು ವಯಸ್ಸು. ಸುದ್ದಿ ಕೇಳಿ ಮೂರನೇ ದಿನ ಹೋದೆ, ಅವರ ತಾಯಿ ಗೌರವ್ವನ ಪಕ್ಕ ಕೂತು ನಿಜವಾಗಿಯೂ ಅತ್ತೆ. ಆದರೆ ಚೀಲದಲ್ಲಿ ಪುಸ್ತಕವಿತ್ತು. ಅದರಲ್ಲಿ ಗುರಪ್ಪನ ತಮ್ಮ ಶಿವಾನಂದನ ಹೆಸರಿತ್ತು. ಆಷಾಢದಲ್ಲಿ ಭೇಟಿಯಾದಾಗ "ಶ್ರಾವಣ ಮುಗೀಲಿ, ಬರ್ರಿ" ಅಂದಿದ್ದ. ಎದ್ದು ನಿಂತಾಗ ಅವನು ಬಾಗಿಲ ಹತ್ತಿರ ಕಂಡ. ಅವನ ಕಡೆ ನೋಡಿ ಕೈಮುಗಿದೆ, ಹದಿನಾರು ವರ್ಷದ ರೂಢಿ ನಾಲಿಗೆಯ ತುದಿಗೆ ಬಂತು.

"ಬರ್ತೇನ್ರಿ. ಮತ್ತ ಬಂದೇ ಬರ್ತೇನಿ."

ಸತ್ತ ಮನೆಯಿಂದ ಹೊರಡುವಾಗ ಯಾರೂ ಬರ್ತೇನಿ ಅನ್ನುವುದಿಲ್ಲ, ಸುಮ್ಮನೆ ಎದ್ದು ಬರಬೇಕು. ಬರ್ತೇನಿ ಅಂದರೆ ಇನ್ನೊಂದು ಸಾವಿಗೆ ಬರ್ತೇನಿ ಅಂದ ಹಾಗೆ. ಸಣ್ಣ ಮಕ್ಕಳಿಗೂ ಇದು ಗೊತ್ತು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನನ್ನನ್ನೇ ನೋಡಿದರು.

"ಏನಂದಿ ಬಾಯಿ?" ಗೌರವ್ವ ಕೇಳಿದಳು. "ಮತ್ತ್ಯಾಕ ಬರ್ತಿ ನಮ್ಮನಿಗಿ? ಇದ್ದೊಬ್ಬನೂ ಹೋಗಬೇಕೇನ?"

"ಅಯ್ಯ, ತಪ್ಪಾತ್ರಿ ಅವ್ವಾರ. ರೂಢಿ ಮ್ಯಾಲೆ ಬಂದಬಿಡ್ತು" ಅಂದೆ. ಅವಳು ಮುಖಕ್ಕೆ ಸೆರಗು ಎಳೆದುಕೊಂಡಳು. ಹಿಂದೆ ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಅದಾದ ಹನ್ನೊಂದನೆಯ ದಿನ ಶಿವಾನಂದನಿಗೆ ಜ್ವರ ಬಂತು.

ಮೊದಲು ಊರಿನ ಡಾಕ್ಟರು, ಆಮೇಲೆ ಬಾಗೇವಾಡಿ, ಕೊನೆಗೆ ವಿಜಯಪುರದ ಆಸ್ಪತ್ರೆ. ಜ್ವರ ಎರಡು ದಿನ ಬಿಡುತ್ತಿತ್ತು, ಮೂರನೇ ದಿನ ಮತ್ತೆ ಏರುತ್ತಿತ್ತು. ಹಾಸಿಗೆ ತೊಯ್ಯುವಷ್ಟು ಬೆವರು, ಮಗ್ಗಲು ಬದಲಿಸಲಾಗದ ಸೊಂಟನೋವು. ಯಾವ ಪರೀಕ್ಷೆಯಲ್ಲೂ ಕಾರಣ ಸಿಗುತ್ತಿಲ್ಲ ಎಂದು ಸುದ್ದಿ ಬರುತ್ತಿತ್ತು. ತಿಂಗಳಾಗುವಷ್ಟರಲ್ಲಿ ಅವನನ್ನು ಇಬ್ಬರು ಹಿಡಿದು ಕೂರಿಸಬೇಕಾಯಿತು.

ಮಾತು ನನಗಿಂತ ಮೊದಲು ಬಸ್ಸು ಹತ್ತಿತ್ತು. ಬಾಗೇವಾಡಿಯಲ್ಲಿ ಹತ್ತು ವರ್ಷದ ಪರಿಚಯದ ಒಬ್ಬ ಟೀಚರ್ ಬಾಗಿಲು ಅರ್ಧ ತೆರೆದು, "ಇವತ್ತ ಬ್ಯಾಡ್ರಿ ಅಕ್ಕಾರ, ಕೂಸಿಗಿ ಆರಾಮಿಲ್ಲ" ಅಂದು ಮುಚ್ಚಿಕೊಂಡರು. ಒಳಗೆ ಕೂಸು ಕೇಕೆ ಹಾಕಿ ನಗುತ್ತಿತ್ತು. ಹೊರ್ತಿಯಲ್ಲಿ ನಾನು ಎದ್ದು ಬಂದ ಕಟ್ಟೆಯ ಮೇಲೆ ಒಬ್ಬ ಮುದುಕಿ ಉಪ್ಪು ಚೆಲ್ಲಿದ್ದನ್ನು ಕಣ್ಣಾರೆ ಕಂಡೆ. ಚೇಷ್ಟೆ ಮಾಡುತ್ತಿದ್ದ ಕಂಡಕ್ಟರ್ ಸುಮ್ಮನೆ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಆಗ.

ಮನೆಗೆ ಬಂದು ಪುಸ್ತಕ ತೆರೆದೆ. ಶಿವಾನಂದನ ಹಾಳೆಯ ತಲೆಯ ಮೇಲೆ "ಮುಂದಿನ ಭೇಟಿ" ಎಂದು ತಾರೀಖು ಬರೆದಿದ್ದೆ. ಅವನಿಗೆ ಜ್ವರ ಹತ್ತಿದ್ದು ಅದೇ ತಾರೀಖು. ನನ್ನದೇ ಅಕ್ಷರ. ಮುಂದೆ ಓದಲಿಲ್ಲ, ಪುಸ್ತಕವನ್ನು ಕಪಾಟಿನಲ್ಲಿ ಹಳೇ ಸೀರೆಗಳ ಕೆಳಗೆ ತುರುಕಿದೆ. ನಮ್ಮವರು ನಿವೃತ್ತ ಮಾಸ್ತರು, ಇದನ್ನೆಲ್ಲ ನಂಬುವವರಲ್ಲ.

"ಹುಚ್ಚಿ, ಮಾತಿಗೆ ಯಾರಿಗರ ಜ್ವರ ಬರ್ತಾವೇನು?"

"ಬರಂಗಿಲ್ಲಂತ ಬರದ್ ಕೊಡ್ರಿ ಹಂಗಾದ್ರ!" ಎಂದು ರೇಗಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಬರೆದು ಕೊಡಲಿಲ್ಲ.

ಶನಿವಾರ ಶನಿವಾರ ಹನುಮಪ್ಪನ ಗುಡಿಗೆ ಹೋಗತೊಡಗಿದೆ. ಆಚಾರ್ಯರು "ಯಾರ ಹೆಸರಲೆ ಅರ್ಚನಿ?" ಎಂದು ಕೇಳಿದಾಗ ನನ್ನ ಹೆಸರು ಹೇಳುತ್ತಿದ್ದೆ. ನನ್ನ ಮೇಲಿನ ಅಪವಾದ ಹೋಗಲಿ, ಜನ ಬಾಗಿಲು ತೆಗೆಯಲಿ, ಇಷ್ಟೇ ನನ್ನ ಬೇಡಿಕೆ. ನಾಲ್ಕನೇ ಶನಿವಾರ ಅವರು ಅದೇ ಪ್ರಶ್ನೆ ಕೇಳಿದಾಗ ನನ್ನ ಹೆಸರು ಹೇಳಲಾಗಲಿಲ್ಲ. ಅಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದಾನೆ, ಅವನ ಅವ್ವ ಒಬ್ಬ ಮಗನನ್ನು ಕಳೆದುಕೊಂಡು ಇನ್ನೊಬ್ಬನಿಗಾಗಿ ಕಾಯುತ್ತಿದ್ದಾಳೆ, ಇಲ್ಲಿ ನಾನು ನನ್ನ ಹೆಸರಿಗೆ ಅರ್ಚನೆ ಮಾಡಿಸುತ್ತಿದ್ದೇನೆ! ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ.

"ಶಿವಾನಂದ" ಅಂದೆ.

"ಗೋತ್ರ?"

ಅವನ ಹುಟ್ಟಿದ ತಾರೀಖು ನನಗೆ ಬಾಯಿಪಾಠವಿತ್ತು. ಗೋತ್ರ ಗೊತ್ತಿರಲಿಲ್ಲ. "ನಿಡಗುಂದಿ ಗೌರವ್ವನ ಮಗ ಅನ್ರಿ, ಹನುಮಪ್ಪಗ ತಿಳೀತದ" ಅಂದೆ. ನನ್ನ ಹೆಸರು ಹಾಳಾಗಿ ಹೋಗಲಿ, ಇನ್ನು ಒಂದು ಪಾಲಿಸಿಯೂ ಆಗದಿದ್ದರೂ ಸರಿ, ಅವನನ್ನು ಉಳಿಸು ತಂದೇ ಎಂದು ಕಂಬ ಹಿಡಿದು ಅತ್ತೆ.

ಸೋಮವಾರ ಗುರಪ್ಪನ ಹೆಂಡತಿಯ ಫೋನ್ ಬಂತು. "ಅತ್ತಿ ನಿಮ್ಮನ್ನ ಬರಾಕ ಹೇಳ್ಯಾಳ್ರಿ. ನಿಮ್ಮ ಕೆಂಪು ಪುಸ್ತಕ ತಗೊಂಡ ಬರಬೇಕಂತ." ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಹೋಗಬೇಡ ಎಂದು ಮನಸ್ಸು ಹೇಳಿತು. ನಾನು ಹೋದ ದಿನವೇ ಅವನಿಗೆ ಏನಾದರೂ ಆದರೆ? ಆದರೂ ಹೋದೆ. ಗೌರವ್ವ ಹೊಸ್ತಿಲ ಒಳಗೆ ಗೋಡೆ ಹಿಡಿದು ನಿಂತಿದ್ದಳು, ನನ್ನನ್ನು ಹೊರಗೇ ನಿಲ್ಲಿಸಿದಳು.

"ಬರ್ತೇನಿ ಅಂದಿ, ಬರಲಿಲ್ಲ" ಅಂದಳು. "ನಿನ್ನ ಬದ್ಲಿ ಮತ್ತ್ಯಾರೋ ಬಂದ್ ಕುಂತಾರ ನಮ್ಮನ್ಯಾಗ. ನೀ ಬಂದು ನಿನ್ನ ಮಾತು ನೀನ ತಗೊಂಡ ಹೋಗು. ನನ್ನ ಮಗನ ಹೆಸರು ಆ ಪುಸ್ತಕದಾಗಿಂದ ಹರದು ಒಗಿ, ನನ್ನ ಕಣ್ಣಮುಂದ."

ಒಳಗೆ ಕರೆದು ಅಂದು ಕೂತ ಜಾಗದಲ್ಲೇ ಕೂರಿಸಿದಳು. ಪುಸ್ತಕ ತೆಗೆದು ಹಾಳೆ ಹಿಡಿದೆ. ಅರ್ಧ ಹರಿದಿತ್ತು. ಪೂರ್ತಿ ಹರಿಯುವ ಮೊದಲು ಕೆಳಗಿನ ಸಾಲಿನ ಮೇಲೆ ಕಣ್ಣು ಬಿತ್ತು, ಕೈ ನಿಂತಿತು. ಆ ಕೈಯನ್ನು ಹಿಡಿದವನು ಹನುಮಪ್ಪನಲ್ಲದೆ ಇನ್ಯಾರು?

ಆಷಾಢದಲ್ಲಿ ನಾನು ಬರೆದುಕೊಂಡದ್ದು ಇಷ್ಟು: "ಮಂಡಿನೋವು. ಹೊಲದ ಬಾಜೂ ಕುರಿದೊಡ್ಡಿಯಲ್ಲಿ ದಿನಾ ಆಡಿನ ಹಸಿ ಹಾಲು. ಮನೆಯಲ್ಲಿ ಗೊತ್ತಿಲ್ಲ. ಎರಡು ಆಡು ಕಂದು ಹಾಕಿವೆ, ಮುಂದಿನ ಸಲ ಕೇಳಬೇಕು." ಆಡು ದಿನ ತುಂಬದ ಮರಿ ಹಾಕಿದರೆ ನಮ್ಮಲ್ಲಿ ಕಂದು ಹಾಕಿತು ಅನ್ನುತ್ತಾರೆ. ಶಿವಾನಂದ ಅಂದು ನಗುತ್ತ ಹೇಳಿದ್ದ: "ಅವ್ವಗ ಹೇಳಬ್ಯಾಡ್ರಿ ಬಾಯಾರ. ಮನ್ಯಾಗ ಎರಡು ಎಮ್ಮಿ ಇದ್ದು ಮಂದಿ ದೊಡ್ಡಿಗಿ ಹೋಗಿ ಹಾಲು ಕುಡೀತಾನಂದ್ರ ಮನಿ ಮಾನ ಹೋತಂತಾಳ."

ಆಗಲೇ ಸಿಂದಗಿಯ ನನ್ನ ಗಿರಾಕಿ, ಒಬ್ಬ ದನದ ಡಾಕ್ಟರು, ಹಿಂದೆ ಫಾರ್ಮು ತುಂಬಿಸುವಾಗ ಹೇಳಿದ್ದು ನೆನಪಾಯಿತು. ಕಂದು ಹಾಕಿದ ಆಡಿನಿಂದ ಅವರಿಗೂ ಜ್ವರ ಅಂಟಿ, ತಿಂಗಳುಗಟ್ಟಲೆ ಏರುತ್ತ ಇಳಿಯುತ್ತ ಸೊಂಟ ಹಿಡಿದಿತ್ತಂತೆ. ಅಂಥ ಆಡಿನ ಹಸಿ ಹಾಲು ಕುಡಿದರೂ ಬರುತ್ತದಂತೆ.

ಗೌರವ್ವನ ಮುಂದೆಯೇ ಆಸ್ಪತ್ರೆಯಲ್ಲಿದ್ದ ಶಿವಾನಂದನ ಹೆಂಡತಿ ಮಹಾದೇವಿಗೆ ಫೋನ್ ಹಚ್ಚಿದೆ, ಡಾಕ್ಟರಿಗೆ ಕೊಡು ಅಂದೆ. ಹಾಳೆಯ ಸಾಲು ಓದಿ ಹೇಳಿದೆ. ಆ ಕಡೆ ಡಾಕ್ಟರಮ್ಮ, "ಇದನ್ನ ಯಾರೂ ಹೇಳಲೇ ಇಲ್ಲಲ್ರಿ. ರಕ್ತ ಕಳಿಸ್ತೇನಿ, ನಾಕು ದಿನ ಬೇಕು" ಅಂದರು. ಗೌರವ್ವ ಎಲ್ಲ ಕೇಳಿಸಿಕೊಂಡಳು, ಹಾಳೆ ಹರಿ ಎಂದು ಮತ್ತೆ ಹೇಳಲಿಲ್ಲ. ನಾನು ಸುಮ್ಮನೆ ಎದ್ದು ಬಂದೆ.

ಆ ನಾಲ್ಕು ದಿನ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಮೂರನೇ ದಿನ ಅವನಿಗೆ ಮಾತೇ ನಿಂತಿದೆ ಎಂದು ಸುದ್ದಿ ಬಂತು. ಊಟ ಸೇರಲಿಲ್ಲ. ನಮ್ಮವರು, ಏನನ್ನೂ ನಂಬದ ಮಾಸ್ತರು, ತಾವೇ ದೇವರ ಮುಂದೆ ದೀಪ ಹಚ್ಚಿ ಕೂತರು.

ಐದನೇ ದಿನ ಶನಿವಾರ. ಗುಡಿಯ ಮೆಟ್ಟಿಲ ಮೇಲಿದ್ದಾಗ ಮಹಾದೇವಿಯ ಫೋನ್. "ಅದ ಐತಂತ್ರಿ ಅಕ್ಕಾರ! ಆಡಿನ ಜ್ವರಾನ ಅಂತ. ಔಷಧ ಶುರು ಮಾಡ್ಯಾರ್ರಿ!" ಎಂದು ಅಳುತ್ತ ಹೇಳಿದಳು. ನಾನು ಮೆಟ್ಟಿಲ ಮೇಲೆಯೇ ಸಾಷ್ಟಾಂಗ ಬಿದ್ದೆ, ಆಚಾರ್ಯರು ಏನಾಯಿತೋ ಎಂದು ಓಡಿ ಬಂದರು.

ಎರಡನೇ ವಾರಕ್ಕೆ ಜ್ವರ ಬಿಟ್ಟಿತು. ಗುಳಿಗೆ ಮಾತ್ರ ಬಹಳ ದಿನ ನುಂಗಿದ. ಸಂಕ್ರಾಂತಿ ಮುಗಿದ ಮೇಲೆ ಶಿವಾನಂದ ಕೋಲು ಹಿಡಿದು ನಡೆದುಬಂದು ಅಣ್ಣನ ಅಂಗಡಿ ತೆರೆದ. ಸಾವಿನ ಮನೆಗೆ ಪುಸ್ತಕ ಒಯ್ಯುವುದಿಲ್ಲ ಎಂದು ಹನುಮಪ್ಪನಿಗೆ ಮಾತು ಕೊಟ್ಟಿದ್ದೇನೆ, ಈವರೆಗೆ ನಡೆಸಿದ್ದೇನೆ.

ಅವನನ್ನು ನೋಡಲು ಅವರ ಮನೆಗೆ ಹೋದೆ. "ಬಾಯಾರ, ನನ್ನ ಪಾಲಿಸಿ?" ಎಂದು ನಕ್ಕ. "ಮೊದಲ ನೆಟ್ಟಗ ನಿಂದರೋದು ಕಲೀರಿ, ಈಗ ನಿಮಗ ಪಾಲಿಸಿ ಯಾರು ಕೊಡ್ತಾರ?" ಅಂದೆ. ಗೌರವ್ವ ಚಹಾ ಕೊಟ್ಟಳು, ಎಮ್ಮೆ ಹಾಲಿನದು, ಎರಡು ಸಲ ಉಕ್ಕಿಸಿದ್ದು ಎಂದು ಮಗನ ಕಡೆ ನೋಡಿ ಒತ್ತಿ ಹೇಳಿದಳು. ಹೊರಡುವ ಹೊತ್ತಾಯಿತು. ನನಗೆ ಆ ಮನೆಯಲ್ಲಿ ಬಾಯಿ ತೆರೆಯಲು ಧೈರ್ಯವಿಲ್ಲ. ಚೀಲ ತೆಗೆದುಕೊಂಡು ಸುಮ್ಮನೆ ಎದ್ದು ಹೊಸ್ತಿಲು ದಾಟಿದೆ.

"ಏ ಬಾಯಿ!" ಎಂದು ಹಿಂದಿನಿಂದ ಗೌರವ್ವನ ಕೂಗು. "ಸತ್ತ ಮನ್ಯಾಗಿಂದ ಎದ್ದಂಗ ಎದ್ದು ಹೊಂಟೀಯಲ್ಲ? ಬರ್ತೇನಂತ ಅನ್ನು."

ತಿರುಗಿ ನೋಡಿದೆ. ಅವಳ ಕಣ್ಣೂ ತುಂಬಿತ್ತು, ನನ್ನದೂ.

"ಬರ್ತೇನ್ರಿ ಅವ್ವಾರ" ಅಂದೆ.

ಅಲ್ಲಿಂದ ನೆಟ್ಟಗೆ ಗುಡಿಗೆ ಹೋದೆ. ಏನನ್ನೂ ಬೇಡಲಿಲ್ಲ. ಹನುಮಪ್ಪನ ಮುಖ ಕಣ್ತುಂಬ ನೋಡಿ, ಕೈಮುಗಿದು, ಹೊರಡುವಾಗ ಅವನಿಗೂ ಅದನ್ನೇ ಹೇಳಿದೆ. "ಬರ್ತೇನಪಾ ತಂದೆ. ಮತ್ತ ಬಂದೇ ಬರ್ತೇನಿ."