ಎಳೆ ಕಚ್ಚುವ ದವಡೆ

ನಮ್ಮ ಮನೆಯ ಹೆಂಗಸರ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಮುಕ್ಕು ಇರುತ್ತದೆ. ರೇಷ್ಮೆ ಎಳೆ ಕಡಿದು ಕಡಿದು ಆದದ್ದು. ಮಗ್ಗದ ಪಕ್ಕದಲ್ಲೇ ಕತ್ತರಿ ನೇತು ಹಾಕಿರುತ್ತೇವೆ, ಆದರೆ ಕೈ ಕತ್ತರಿಗೆ ಹೋಗುವಷ್ಟರಲ್ಲಿ ಹಲ್ಲು ಕೆಲಸ ಮುಗಿಸಿರುತ್ತದೆ. ಮುರಿದ ಎಳೆಗೆ ಗಂಟು ಹಾಕುವಾಗ ಒಂದು ತುದಿಯನ್ನು ಎಡಗಡೆಯ ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ಅತ್ತೆ ನನಗೆ ಕಲಿಸಿದ ರೂಢಿ. ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೊದಲ ವರ್ಷ ಅದಕ್ಕಾಗಿ ಎಷ್ಟು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಆದ್ದರಿಂದ ನನ್ನ ಎಡ ದವಡೆ ದಪ್ಪವಾದಾಗ ಯಾರೂ ಗಾಬರಿಯಾಗಲಿಲ್ಲ. ನೋವಿಲ್ಲ, ಜ್ವರವಿಲ್ಲ. ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಎಡ ದವಡೆಯನ್ನು ಮುಟ್ಟಿ ತೋರಿಸಿದರು. ಅದೂ ದಪ್ಪವೇ.

"ಎಳೆ ಕಚ್ಚಿ ಕಚ್ಚಿ ಬೆಳ್ದಿರ ದವಡೆ ಕಣವ್ವ. ಈಗ ನೀನು ಈ ಮನೆವಳಾದೆ, ಓಗು" ಅಂದರು.

ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ತವರು ಹೊನ್ನೂರಿನ ಗದ್ದೆಯಿಂದ ಬಂದವಳು, ಕೊನೆಗೂ ನೇಕಾರಳಾದೆ ಅಂದುಕೊಂಡೆ. ಎರಡು ವರ್ಷ ಆ ಊತವನ್ನು ಬಿರುದಿನ ಹಾಗೆ ಹೊತ್ತು ತಿರುಗಿದೆ. ನನ್ನಷ್ಟು ಬೆಪ್ಪು ಇನ್ನೊಬ್ಬಳಿಲ್ಲ.

ಒಂದು ದಿನ ಗಂಟು ಬಿಗಿಯುವಾಗ ಎಡಗಡೆಯ ದವಡೆಹಲ್ಲು ಅಲುಗಾಡಿತು. ಕೀಳಿಸಿಕೊಂಡು ಬರೋಣವೆಂದು ಪೇಟೆಯ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಹಲ್ಲನ್ನು ಬಿಟ್ಟು ದವಡೆಯನ್ನೇ ಒತ್ತಿ ಒತ್ತಿ ನೋಡಿದರು. ಹಲ್ಲು ಕೀಳಲಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ.

ಮೈಸೂರಿನಲ್ಲಿ ಮುಖದ ಸುತ್ತ ತಿರುಗುವ ಮಿಷನ್ನಿನಲ್ಲಿ ಎಕ್ಸ್‌ರೇ ತೆಗೆದರು. ಹಲ್ಲುಗಳೆಲ್ಲ ಬೆಳ್ಳಗೆ ಸಾಲಾಗಿ ನಿಂತಿದ್ದವು. ಎಡಗಡೆ ಮಾತ್ರ ಮೂಳೆ ಇರಬೇಕಾದ ಕಡೆ ಕೋಳಿಮೊಟ್ಟೆಯಷ್ಟು ಕಪ್ಪು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ಗಂಡನನ್ನೂ ಕರೆದುಕೊಂಡು ಹೋದೆ.

"ಗಾಬರಿ ಬೇಡಮ್ಮ, ಕ್ಯಾನ್ಸರ್ ಅಲ್ಲ. ಹಲ್ಲು ಹುಟ್ಟಿಸುವ ಜೀವಕೋಶಗಳಿಂದಲೇ ಬೆಳೆದಿರುವ ಗಡ್ಡೆ" ಅಂದರು ಡಾಕ್ಟರು.

"ಈ ವಯಸ್ಸಲ್ಲಿ ನಂಗೆ ಯಾಕೆ ಸಾ ಹಲ್ಲು ಹುಟ್ಟಿಸ್ತದೆ?"

"ಕೆಲವರಲ್ಲಿ ಹಾಗಾಗುತ್ತೆ. ಯಾಕೆ ಅಂತ ಖಚಿತವಾಗಿ ಹೇಳೋಕಾಗಲ್ಲ."

"ಎಳೆ ಕಚ್ಚಿದ್ದಕ್ಕಾ?"

"ಅಲ್ಲ."

"ಕ್ಯಾನ್ಸರ್ ಅಲ್ಲ ಅಂದ್ಮೇಲೆ ಬುಟ್ಬುಡಿ."

"ಬಿಡೋಕಾಗಲ್ಲಮ್ಮ. ಬೆಳೀತಾನೇ ಇರುತ್ತೆ, ಮೂಳೆ ತಿಂದುಕೊಂಡು ಹೋಗುತ್ತೆ. ಒಂದು ದಿನ ಅನ್ನ ಅಗಿಯುವಾಗಲೇ ದವಡೆ ಮುರೀಬಹುದು. ಆಪರೇಷನ್ ಮಾಡಿ ಆ ಭಾಗದ ಮೂಳೆ ಕತ್ತರಿಸಬೇಕಾಗುತ್ತೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಕೆಟ್ಟದ್ದಲ್ಲವಂತೆ, ಮೂಳೆ ತಿನ್ನುತ್ತದಂತೆ. ನೋವಿಲ್ಲವಂತೆ, ಆಪರೇಷನ್ ಬೇಕಂತೆ. ಗಂಡನ ಮುಖ ನೋಡಿದೆ. ಅವರು ಡಾಕ್ಟರು ಹೇಳಿದ್ದಕ್ಕೂ ತಲೆ ಆಡಿಸಿದರು, ನಾನು ಹೇಳಿದ್ದಕ್ಕೂ ಆಡಿಸಿದರು. ಕೋಲೆಬಸವನನ್ನು ಕರೆದುಕೊಂಡು ಬಂದಿದ್ದರೆ ಗೆಜ್ಜೆಯ ಸದ್ದಾದರೂ ಇರುತ್ತಿತ್ತು.

ನನಗಿದ್ದ ಭಯ ಒಂದೇ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಕಣ್ಣಿಗೆ, ಅಂದರೆ ಅದರ ಸಣ್ಣ ತೂತಿಗೆ, ಎಳೆ ಪೋಣಿಸಲು ನಾವು ಸೂಜಿ ಹುಡುಕುವುದಿಲ್ಲ, ಲಾಳಿಗೆ ತುಟಿ ಹಚ್ಚಿ ಒಂದು ಸಲ ಹೀರುತ್ತೇವೆ. ಎಳೆ ತುಟಿಗೆ ಬಂದು ಮುಟ್ಟುತ್ತದೆ. ಮುಟ್ಟಿದ ತಕ್ಷಣ ಕಚ್ಚಿ ಎಳೆಯುತ್ತೇವೆ. ದವಡೆ ಕತ್ತರಿಸಿದರೆ ಆ ಬಾಯಿ ಉಳಿಯುತ್ತದೆಯೇ? ಮಗ್ಗ ಹೋದರೆ ನಾನು ಏನು? ಇದನ್ನು ಕೇಳಿದಾಗ ಡಾಕ್ಟರು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಇಡೀ ಮೂಳೆ ಕತ್ತರಿಸದೆ ಆಗುವ ದಾರಿಯೊಂದಿದೆ, ನಿಧಾನ, ಆದರೆ ತುಟಿಯ ನರ ಎಷ್ಟು ಉಳಿಯುತ್ತದೋ ಈಗಲೇ ಹೇಳಲಾರೆ ಅಂದರು.

ಸುದ್ದಿ ಕೇಳಿ ಹೊನ್ನೂರಿನಿಂದ ನನ್ನ ಅಣ್ಣ ಬಂದ. "ಗೆಡ್ಡೆಗೆ ಕಬ್ಬಿಣ ಮುಟ್ಟುಸ್ಬಾರ್ದು ಕಣವ್ವ, ಮೈಯೆಲ್ಲ ಅರಡ್ಕೊತದೆ" ಅಂದ. ಅತ್ತೆ ಇನ್ನೂ ಎಳೆಯ ಮಾತನ್ನೇ ಹಿಡಿದಿದ್ದರು. "ನಂದೂ ಅಂಗೇ ಅದಲ್ಲ, ನಾನೇನ್ ಸತ್ತೋಗಿದ್ದೀನಾ?"

ನನಗೆ ರೇಗಿಹೋಯಿತು. "ಅಂಗಾದ್ರೆ ನಡೀರಿ, ನಿಮ್ದೂ ನೋಡ್ಸನ" ಎಂದು ಅವರನ್ನೂ ಬಸ್ಸು ಹತ್ತಿಸಿದೆ. ಅವರ ದವಡೆಯಲ್ಲೂ ಕಪ್ಪು ಕಾಣಲಿ ಎಂದು ಆಸೆಪಟ್ಟೆನೋ, ಕಾಣದಿರಲಿ ಎಂದು ಬೇಡಿಕೊಂಡೆನೋ, ಇವತ್ತಿಗೂ ಗೊತ್ತಿಲ್ಲ. 

ಅತ್ತೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮೂಳೆ ಗಟ್ಟಿ. ಕಚ್ಚುವ ಸ್ನಾಯು ದಪ್ಪವಾಗಿದೆ ಅಷ್ಟೆ, ಕೆಲಸದಿಂದ ಅಂದರು ಡಾಕ್ಟರು. ಅಂದರೆ ಅತ್ತೆ ತಮ್ಮ ವಿಷಯದಲ್ಲಿ ಹೇಳಿದ್ದು ನಿಜ, ನನ್ನ ವಿಷಯದಲ್ಲಿ ಸುಳ್ಳು. ಹೊರಗಿನಿಂದ ಮುಟ್ಟಿದರೆ ಎರಡೂ ಒಂದೇ. ಅತ್ತೆ ಗೆದ್ದೆ ಅನ್ನುತ್ತಾರೆ ಅಂದುಕೊಂಡಿದ್ದೆ. ಎರಡೂ ಎಕ್ಸ್‌ರೇಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಅವರು ನನ್ನದರ ಕಪ್ಪಿನ ಮೇಲೆ ಬೆರಳಿಟ್ಟು ನೋಡಿದರು. ಕೊಳ್ಳೇಗಾಲ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಮರುದಿನ ಆಪರೇಷನ್‌ಗೆ ಹೂಂ ಅಂದೆ. ಧೈರ್ಯ ಬಂದು ಅಂದದ್ದಲ್ಲ, ಗೊಂದಲ ಸಾಕಾಗಿ ಅಂದದ್ದು.

ಮೊದಲು ಬಾಯೊಳಗಿನಿಂದ ಗಡ್ಡೆಗೆ ತೂತು ಮಾಡಿ ಸಣ್ಣ ನಳಿಕೆ ಹೊಲಿದರು. ಒಳಗಿನ ನೀರು ಇಳಿದರೆ ಗಡ್ಡೆ ಕುಗ್ಗುತ್ತದೆ, ಮೂಳೆ ತಾನೇ ತುಂಬಿಕೊಂಡು ಬರುತ್ತದೆ ಎಂದರು. ದಿನಕ್ಕೆ ಎರಡು ಸಲ ಸಿರಿಂಜಿನಲ್ಲಿ ಉಪ್ಪುನೀರು ಬಿಟ್ಟು ತೊಳೆಯಬೇಕು. ತಿಂಗಳುಗಟ್ಟಲೆ ನಡೆಯಿತು ಅದು. ಕನ್ನಡಿಯಲ್ಲಿ ನನಗೆ ತೂತು ಸಿಗುತ್ತಿರಲಿಲ್ಲ. ಮೂರನೆಯ ದಿನ ಅತ್ತೆಯೇ ಸಿರಿಂಜು ಕಿತ್ತುಕೊಂಡರು. ಕೂದಲೆಳೆಯಂಥ ರೇಷ್ಮೆಗೆ ಗಂಟು ಹಾಕುವ ಬೆರಳು ಅವು, ಒಂದು ದಿನವೂ ಗುರಿ ತಪ್ಪಲಿಲ್ಲ. ನನ್ನನ್ನು ಕ್ಷಮಿಸು ಅಂತ ಅವರು ಅನ್ನಲಿಲ್ಲ. ನಾನು ಆ ಮಾತಿಗೆ ಕಾಯುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಉಪ್ಪು ಜಾಸ್ತಿಯಾಯ್ತಾ ಅಂತ ಮಾತ್ರ ಕೇಳುತ್ತಿದ್ದರು.

ಹೊಸ ಎಕ್ಸ್‌ರೇಯಲ್ಲಿ ಕಪ್ಪು ಗೋಲಿಯಷ್ಟಾಗಿತ್ತು. ಆಗ ಎರಡನೆಯ ಆಪರೇಷನ್ ಮಾಡಿ, ಅಲುಗಾಡುತ್ತಿದ್ದ ಹಲ್ಲಿನ ಜೊತೆ ಉಳಿದ ಗಡ್ಡೆಯನ್ನೂ ಕೆರೆದು ತೆಗೆದರು. ದವಡೆ ಉಳಿಯಿತು. ಕೆಳತುಟಿಯ ಎಡಭಾಗ ಮಾತ್ರ ಮರಗಟ್ಟಿಯೇ ಉಳಿದಿದೆ.

"ವಾಸಿಯಾಯ್ತಾ ಸಾ?" ಅಂದೆ.

"ಈಗ ಗಡ್ಡೆ ಇಲ್ಲ. ಮತ್ತೆ ಬರಲೂಬಹುದು. ವರ್ಷ ವರ್ಷ ಬಂದು ತೋರಿಸಬೇಕು."

ಹೂಂ ಅಂತಲೂ ಅಲ್ಲ, ಉಹೂಂ ಅಂತಲೂ ಅಲ್ಲ. ಈ ಕಾಯಿಲೆಯಲ್ಲಿ ಒಂದು ಮಾತಾದರೂ ನೆಟ್ಟಗೆ ಬಂದದ್ದು ನನಗೆ ನೆನಪಿಲ್ಲ.

ಆಪರೇಷನ್ ಆದ ಮೇಲೆ ಮೊನ್ನೆ ಮೊದಲ ಸಲ ಮಗ್ಗಕ್ಕೆ ಕೂತೆ. ಎಳೆ ಸುತ್ತಿದ ಕಂಡಿಕೆಯನ್ನು ಲಾಳಿಯೊಳಗೆ ಹಾಕಿ, ಲಾಳಿಗೆ ತುಟಿ ಹಚ್ಚಿ ಹೀರಿದೆ. ಏನೂ ಮುಟ್ಟಲಿಲ್ಲ. ಮತ್ತೆ ಹೀರಿದೆ, ಇಲ್ಲ. ಲಾಳಿ ತಿರುಗಿಸಿ ಮುಖದ ಹತ್ತಿರ ಹಿಡಿದು ನೋಡಿದೆ, ಕಣ್ಣು ತುಂಬಿಕೊಂಡು ಏನೂ ಕಾಣಿಸಲಿಲ್ಲ. ಮುಗಿಯಿತು ನನ್ನ ನೇಯ್ಗೆ ಅಂದುಕೊಂಡೆ. ಪಕ್ಕದ ಮಗ್ಗದಿಂದ ಅತ್ತೆ ಎದ್ದು ಬಂದರು. ಲಾಳಿಗೆ ಕೈ ಹಾಕಲಿಲ್ಲ, ನನ್ನ ಮುಖವನ್ನೇ ನೋಡಿದರು.

"ಎಳೆ ಆಗ್ಲೇ ಬಂದದೆ ಕಣವ್ವ" ಅಂದರು. "ನಿನ್ ಎಡಗಡೆ ತುಟಿ ಮ್ಯಾಲೇ ಅದೆ."