ಬ್ಯಾಟ್ರಿ ಅಲ್ಲ, ಸೆಲ್ಲು

ವೈನಿಯ ಬಲಗಾಲಿನ ಕಾಲುಂಗುರದ ಒಂದು ಮಗ್ಗುಲು ಸವೆದು ತಗಡಿನಷ್ಟು ತೆಳ್ಳಗಾಗಿತ್ತು. ಕೂತಾಗ ಆ ಬೆರಳು ಟಕ್ ಟಕ್ ಎಂದು ನೆಲಕ್ಕೆ ಬಡಿಯುತ್ತಲೇ ಇರುತ್ತಿತ್ತು. ಟೀವಿಯ ಮುಂದೆ ಕೂತಾಗಲೂ, ದವಾಖಾನೆಯ ಬೆಂಚಿನ ಮೇಲೂ, ಪೂಜೆಯಲ್ಲಿ ಭಟ್ಟರು ಕತೆ ಓದುವಾಗಲೂ ಅದೇ. ಪಕ್ಕದಲ್ಲಿ ಕೂತವರು ತಮಗೇ ಎಲ್ಲಿಗೋ ಹೊತ್ತಾಯಿತೆಂದುಕೊಂಡು ಎದ್ದು ಹೋಗುತ್ತಿದ್ದರು. ಅವ್ವ ಒಮ್ಮೊಮ್ಮೆ ಕೈಯಿಟ್ಟು ಆ ಮೊಣಕಾಲನ್ನು ಒತ್ತಿ ಹಿಡಿಯುತ್ತಿದ್ದಳು. ಆಗ ಎಡಗಾಲು ಶುರುವಾಗುತ್ತಿತ್ತು.

ಅಣ್ಣನ ಹೆಂಡತಿಗೆ ನಮ್ಮ ವಿಜಯಪುರದ ಕಡೆ ವೈನಿ ಎನ್ನುತ್ತಾರೆ. ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ಮನೆಗೆ ಅವರು ಸೊಸೆಯಾಗಿ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅಣ್ಣನ ಮಾತೇ ಮಾತು. ಅವನು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ಭಯ ಜಾಸ್ತಿ. ಆ ಭಯಕ್ಕೆ ಅವನು ಜವಾಬ್ದಾರಿ ಎಂದು ಹೆಸರಿಟ್ಟುಕೊಂಡಿದ್ದ. ವೈನಿ ಬಂದ ಮೇಲೆ ಮನೆಯ ಯಾವ ಸಾಮಾನೂ ಇಟ್ಟಲ್ಲಿ ಇರಲಿಲ್ಲ. ಕಪಾಟು ಬಾಗಿಲ ಹತ್ತಿರ ಬರುತ್ತಿತ್ತು, ಮುಂದಿನ ವಾರ ಮತ್ತೆ ಮೂಲೆಗೆ ಹೋಗುತ್ತಿತ್ತು. ಒಂದು ಸಲ ಕೊತ್ತಂಬರಿಗೆಂದು, ಇನ್ನೊಂದು ಸಲ ಕೊತ್ತಂಬರಿ ಬಾಡಿದೆಯೆಂದು ಜಗಳಾಡಲಿಕ್ಕೆ ರೈತು ಬಜಾರಿಗೆ ಹೋಗಿ ಬರುತ್ತಿದ್ದರು. "ಸುಮ್ನ ಕೂಡು ಅಂದ್ರ ನನಗ ಜ್ವರ ಬಂದಂಗಾಗತೈತಿ ನೋಡು" ಎನ್ನುತ್ತಿದ್ದರು. ನನಗೂ ಕೂತಲ್ಲಿ ಕೂರಲಾಗದ ಚಾಳಿ. ಹಾಗಾಗಿ ನಮ್ಮಿಬ್ಬರಿಗೆ ಸರಿಹೋಯಿತು.

ಡಿಗ್ರಿ ಮುಗಿಸಿ ನಾನು ಡ್ರೋನ್ ಕ್ಯಾಮೆರಾ ಹಾರಿಸುವುದನ್ನು ಕಲಿತೆ. ಅದಕ್ಕೆ ಬೇಕಾದ ಪರೀಕ್ಷೆ ಪಾಸು ಮಾಡಿ, ನಾಂಪಲ್ಲಿಯ ಒಂದು ಮದುವೆ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಊರೊಳಗಿನ ಮದುವೆಗಳಿಗೆ ಅಣ್ಣನೇ ಸ್ಕೂಟರಿನಲ್ಲಿ ಬಿಟ್ಟು, ಊಟದ ಹೊತ್ತಿಗೆ ಬಂದು ಕರೆದೊಯ್ಯುತ್ತಿದ್ದ. ಆದರೆ ದೊಡ್ಡ ಕೆಲಸವೆಲ್ಲ ಹೊರಗಿನದು. ಎರಡು ಸಲ ನಾನು ಬರಲಾಗದು ಎಂದೆ. ಮೂರನೆಯ ಸಲ, ಹೈದರಾಬಾದಿನದೇ ಒಂದು ಕುಟುಂಬ ಕೇರಳದ ಹಿನ್ನೀರಿನ ದಡದಲ್ಲಿ ಮದುವೆ ಇಟ್ಟುಕೊಂಡಾಗ, ಸ್ಟುಡಿಯೋ ಮಾಲೀಕರು ಬೇಸರವಿಲ್ಲದ ದನಿಯಲ್ಲಿ ಹೇಳಿದರು: ಈ ಸಲವೂ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನಮ್ಮ. ಅವರು ಕೋಪ ಮಾಡಿಕೊಂಡಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅಣ್ಣ ಒಂದೇ ಮಾತಿನಲ್ಲಿ ಮುಗಿಸಿದ. "ಒಬ್ಬಾಕಿ ಹೋಗೂದು ಬ್ಯಾಡ."

ಅಡುಗೆಮನೆಯಿಂದ ವೈನಿಯ ದನಿ ಬಂತು. "ಒಬ್ಬಾಕಿ ಯಾಕ ಹೋಗ್ತಾಳ್ರಿ? ನಾ ಹೋಗ್ತೀನಿ ಕೂಡ."

ಅಣ್ಣ ಷರತ್ತು ಹಾಕಿದ. ಹೋಗಲಿ, ಆದರೆ ವೈನಿ ಜೊತೆಗಿದ್ದರೆ ಮಾತ್ರ. ಏನಾದರೂ ಹೆಚ್ಚುಕಮ್ಮಿಯಾದರೆ ಇದೇ ಕಡೆಯದು ಎಂದ. ವೈನಿ ಅದುವರೆಗೆ ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ.

ಡ್ರೋನಿನ ಬ್ಯಾಟರಿಗಳನ್ನು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ನನ್ನ ಹತ್ತಿರ ನಾಲ್ಕಿದ್ದವು. ಎಲ್ಲ ಒಬ್ಬಳೇ ಒಯ್ದರೆ ತಕರಾರು ಮಾಡಿಯಾರೆಂದು ಎರಡನ್ನು ವೈನಿಯ ಚೀಲಕ್ಕೆ ಹಾಕಿದೆ. ಲೋಹದ ತುದಿಗಳಿಗೆ ಟೇಪು ಸುತ್ತಿ, ಬೇರೆ ಬೇರೆ ಸಂಚಿಯಲ್ಲಿಟ್ಟು, "ವೈನಿ, ಈ ಸೆಲ್ಲು ಜ್ವಾಕಿರ್ರಿ. ಜಜ್ಜಿದ್ರ ಬೆಂಕಿ ಹತ್ತತಾವ" ಎಂದೆ. ಸೆಲ್ಲು ಎಂದೇ ಹೇಳಿದೆ. ನಮ್ಮ ಮನೆಯಲ್ಲಿ ಬ್ಯಾಟ್ರಿ ಎಂದರೆ ಕರೆಂಟು ಹೋದಾಗ ಹಿಡಿದು ಓಡಾಡುವ ಟಾರ್ಚು, ಅದರೊಳಗೆ ಹಾಕುವುದು ಸೆಲ್ಲು. ಅವ್ವ, ವೈನಿ ಇಬ್ಬರಿಗೂ ಅದೇ ಭಾಷೆ. ಬೆಂಕಿಯ ಮಾತನ್ನು ನಾನು ಆಡಬಾರದಿತ್ತು.

ವಿಮಾನ ಬೆಳಿಗ್ಗೆ ಇತ್ತು. ವೈನಿ ಹಿಂದಿನ ದಿನವೆಲ್ಲ ಪೆಟ್ಟಿಗೆ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಪೆಟ್ಟಿಗೆಯಿಂದ ಕೈಚೀಲಕ್ಕೆ ಬಂತು, ಕೈಚೀಲದಿಂದ ಇನ್ನೇನೋ ಪೆಟ್ಟಿಗೆಗೆ ಹೋಯಿತು. ನಾನು ಲಕ್ಷ್ಯ ಕೊಡಲಿಲ್ಲ. ಎಷ್ಟಕ್ಕೆಂದು ಲಕ್ಷ್ಯ ಕೊಡುವುದು, ಅವರು ದಿನವೂ ಹಾಗೆಯೇ ಇದ್ದವರು.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಕಡೆ ಕೌಂಟರಿನ ಹುಡುಗಿ ಹಿಂದಿಯಲ್ಲಿ ಕೇಳಿದಳು, ಒಳಗೆ ಬ್ಯಾಟರಿ ಇದೆಯೇ ಎಂದು. ನಾನು ಬಾಯಿ ತೆರೆಯುವ ಮೊದಲೇ ವೈನಿ, "ಬ್ಯಾಟ್ರಿ ನಹೀ ಹೈ. ಘರ್ ಮೇ ಹೈ" ಎಂದರು. ಸೆಲ್ಲುಗಳು ಕೈಚೀಲದಲ್ಲಿವೆ ಎಂಬ ನಂಬಿಕೆಯಲ್ಲಿ ನಾನೂ ತಲೆಯಾಡಿಸಿದೆ. ಪೆಟ್ಟಿಗೆ ಪಟ್ಟಿಯ ಮೇಲೆ ಸರಿದು ಹೋಯಿತು.

ತಪಾಸಣೆಯಲ್ಲಿ ನನ್ನ ಚೀಲ ನಿಂತಿತು. ಸಮವಸ್ತ್ರದ ಅಧಿಕಾರಿಯೊಬ್ಬರು ಡ್ರೋನನ್ನು ಹೊರಗೆ ತೆಗೆದು, ಅದರ ರೆಕ್ಕೆಗಳನ್ನು ಬೆರಳಿನಿಂದ ತಿರುಗಿಸಿ, ಎಲ್ಲಿಗೆ, ಯಾಕೆ, ಕಾಗದವೆಲ್ಲಿ ಎಂದು ಕೇಳಿದರು. ತೋರಿಸಿದೆ. ಬ್ಯಾಟರಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ವೈನಿಯ ಚೀಲ ಮಾತ್ರ ಯಾರೂ ಕೇಳದೆ ಸಲೀಸಾಗಿ ಆಚೆ ಬಂತು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ, ಖುಷಿಯಾಯಿತು.

ಗೇಟಿನ ಹತ್ತಿರ ವೈನಿ ಕೂರಲಿಲ್ಲ. ಗಾಜಿನವರೆಗೆ ಹೋಗುವರು, ವಿಮಾನ ನೋಡುವರು, ಬಂದು, "ಇದನ ಏನು ನಮ್ದು? ಇಷ್ಟ ಸಣ್ಣದೈತಿ" ಎನ್ನುವರು. ಜನ ಒಳಗೆ ಹೋಗಲು ಸಾಲುಗಟ್ಟಿದಾಗ ವಿಮಾನ ಕಂಪನಿಯ ಹುಡುಗನೊಬ್ಬ ಓಡುತ್ತ ಬಂದು ವೈನಿಯ ಹೆಸರು ಕೂಗಿದ. ಅವರ ಪೆಟ್ಟಿಗೆಯನ್ನು ಕೆಳಗೆ ತಡೆದಿದ್ದಾರೆ, ಒಳಗೆ ಬ್ಯಾಟರಿ ಕಾಣಿಸುತ್ತಿದೆ, ಪೆಟ್ಟಿಗೆಯವರೇ ಬಂದು ತೆರೆದು ತೋರಿಸಬೇಕು ಎಂದ.

ನಾನು ವೈನಿಯ ಮುಖ ನೋಡಿದೆ.

"ಬೆಂಕಿ ಹತ್ತೂವಂಥಾದ್ದು ನಮ್ಮ ಮಗ್ಗಲದಾಗ ಯಾಕ ಅಂತ ಪತ್ತಲದಾಗ ಸುತ್ತಿ ಪೆಟ್ಟಿಗ್ಯಾಗ ಇಟ್ಟೆ" ಎಂದರು.

"ಯಾರು ಇಡ್ರಿ ಅಂದಿದ್ರು ನಿಮಗ? ಒಂದು ಕಡೆ ಇಟ್ಟಿದ್ದನ್ನ ಅಲ್ಲೇ ಬಿಡಾಕ ಬರೂದಿಲ್ಲೇನು?" ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದೆ. ಅಣ್ಣ, ಸ್ಟುಡಿಯೋ, ಮುಂದಿನ ನನ್ನ ದಿನಗಳು ಎಲ್ಲ ಆ ಪೆಟ್ಟಿಗೆಯ ಜೊತೆ ಕೆಳಗೆ ಸಿಕ್ಕಿಬಿದ್ದ ಹಾಗಾಯಿತು. ನಾನೂ ಹೊರಟೆ. ಹುಡುಗ ತಡೆದು, ಇಬ್ಬರೂ ಇಳಿದರೆ ಇಬ್ಬರಿಗೂ ವಿಮಾನ ತಪ್ಪಬಹುದು ಎಂದ.

ವೈನಿ ನನ್ನ ಮೊಣಕೈ ಹಿಡಿದುಕೊಂಡರು. "ನೀ ಹೋಗಿ ಕೂಡು. ಆದ್ರ ಬರ್ತೀನಿ, ಇಲ್ಲಂದ್ರ ನೀ ಕೆಲಸಾ ಮುಗಿಸ್ಕೊಂಡು ಬಾ."

"ಅಣ್ಣಗ ಗೊತ್ತಾದ್ರ?"

"ನಾವಿಬ್ರೂ ಹೋಗೀವಿ. ಅಷ್ಟ. ನಡಿ."

ಅಷ್ಟು ಹೇಳಿ ಹುಡುಗನಿಗಿಂತ ಮುಂದೆ, ದಾರಿ ಗೊತ್ತಿದ್ದವರ ಹಾಗೆ ನಡೆದುಬಿಟ್ಟರು. ವಿಮಾನದ ಬಾಗಿಲು ಹಾಕುವವರೆಗೂ ನಾನು ಕತ್ತು ಎತ್ತಿ ನೋಡುತ್ತಲೇ ಇದ್ದೆ. ಆಮೇಲೆ ವೈನಿಯ ಫೋನು ಬಂತು. ತಮ್ಮನ್ನು ಬಿಟ್ಟೇ ಹೊರಟಿದ್ದಾರಂತೆ, ಅಮೀರ್‌ಪೇಟ್‌ನಲ್ಲಿ ಹಾಸ್ಟೆಲ್ ನಡೆಸುವ ಗೆಳತಿಯ ಹತ್ತಿರ ಹೋಗಿ ಇರುತ್ತಾರಂತೆ, ನಾಳೆ ಸಂಜೆ ನಾನಿಳಿಯುವ ಹೊತ್ತಿಗೆ ಬರುತ್ತಾರಂತೆ. ಪಕ್ಕದ ಖಾಲಿ ಸೀಟಿನ ಮೇಲೆ ನನ್ನ ಚೀಲವಿಟ್ಟುಕೊಂಡು ಕೂತೆ. ಮೊದಲ ವಿಮಾನ ಪ್ರಯಾಣದ್ದು ನನಗೆ ಏನೇನೂ ನೆನಪಿಲ್ಲ. ನಾನು ಅಂದ ಮಾತುಗಳಷ್ಟೇ ತಲೆಯಲ್ಲಿ ತಿರುಗುತ್ತಿದ್ದವು.

ಎರಡೇ ಬ್ಯಾಟರಿಯಲ್ಲಿ ಮದುವೆ ಮುಗಿಸಿದೆ. ಒಂದು ಹಾರುವಾಗ ಇನ್ನೊಂದನ್ನು ಹೋಟೆಲಿನ ಗೋಡೆಗೆ ಚುಚ್ಚಿ, ಮೇಲೆ ಕೆಳಗೆ ಓಡಿ ಓಡಿ ಕಾಲು ಬಿದ್ದುಹೋದವು. ವರನ ದೋಣಿ ತಿರುವು ದಾಟಿ ಬರುವುದನ್ನು ಮೇಲಿನಿಂದ ಹಿಡಿದಾಗ ಸ್ಟುಡಿಯೋ ಮಾಲೀಕರು ಪರದೆ ನೋಡಿ, "ಬಾಗುಂದಮ್ಮಾ" ಎಂದರು, ಚೆನ್ನಾಗಿದೆಯಮ್ಮ ಎಂದು. ನನ್ನ ಕೆಲಸ ಉಳಿಯಿತು. ನಡುನಡುವೆ ಅಣ್ಣ ವೈನಿಗೆ ಫೋನು ಮಾಡುತ್ತಿದ್ದ. ಅವರು, "ಹೂಂ, ಮುಟ್ಟೀವಿ. ಭಾಳ ನೀರೈತ್ರಿ ಇಲ್ಲಿ" ಎಂದು ಹೇಳುತ್ತಿದ್ದರಂತೆ.

ಮರುದಿನ ಹೊರಗೆ ಬರುವವರ ಬಾಗಿಲಲ್ಲಿ ವೈನಿ ಅದೇ ಪೆಟ್ಟಿಗೆ ಹಿಡಿದು ನಿಂತಿದ್ದರು. ಉಟ್ಟಿದ್ದೂ ನಿನ್ನೆಯ ಪತ್ತಲವೇ, ಸೀರೆ ಬದಲಿಸಿರಲಿಲ್ಲ.

"ನಿಮ್ಮ ಗೆಳತಿ ಆರಾಮ ಅದಾರೇನ್ರಿ?" ಎಂದೆ.

"ಆಕೀಗೇನಾಗೈತಿ, ಆರಾಮ ಅದಾಳ."

ಅಲ್ಲೇ ಕಸ ಗುಡಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕು, "ವಚ್ಚಿಂದಾ ಮೀ ಪಿಲ್ಲ? ನಿನ್ನಟಿ ನುಂಚಿ ಇಕ್ಕಡೇ ತಿರುಗುತುನ್ನಾವು ಕದಮ್ಮಾ" ಎಂದು ವೈನಿಗೆ ಹೇಳಿದಳು. ಬಂದಳಾ ನಿಮ್ಮ ಹುಡುಗಿ, ನಿನ್ನೆಯಿಂದ ಇಲ್ಲೇ ತಿರುಗುತ್ತಿದ್ದೀಯಲ್ಲಮ್ಮ ಎಂದು. ಇವರನ್ನು ನೋಡಿ ನೋಡಿ ತನಗೇ ತಲೆ ತಿರುಗಿತು, ಒಂದು ಕಡೆ ಕೂರಲಿಲ್ಲ, ಕಂಡವರ ಟ್ರಾಲಿಯನ್ನೆಲ್ಲ ತಳ್ಳಿಕೊಟ್ಟರು ಎಂದೂ ಹೇಳಿದಳು.

ವೈನಿ ಸೆರಗು ಸರಿಮಾಡಿಕೊಂಡರು. "ಗೆಳತಿ ಊರಾಗಿಲ್ಲ. ಇದ್ರೂ ಹ್ಯಾಂಗ ಹೋಗ್ಲಿ? ಬಸ್ಸು ಮೆಹದಿಪಟ್ಟಣಂ ಮ್ಯಾಲಿಂದನ ಹೋಗತೈತಿ. ನಮ್ಮ ಓಣಿಯವರು ಯಾರರೆ ನೋಡಿದ್ರ ಮುಗೀತಲ್ಲ ನಿನ್ನ ಕತಿ?"

ಟ್ಯಾಕ್ಸಿಯಲ್ಲಿ ಪೆಟ್ಟಿಗೆಯ ಕತೆ ಹೇಳಿದರು. ಬ್ಯಾಟರಿ ಇಲ್ಲ ಎಂದು ಸುಳ್ಳು ಯಾಕೆ ಹೇಳಿದಿರಿ ಎಂದು ಅಧಿಕಾರಿ ಕೇಳಿದ್ದಾರೆ. ಇವರು, ಸುಳ್ಳಲ್ಲ, ಬ್ಯಾಟ್ರಿ ಮನೆಯಲ್ಲಿದೆ, ಇದರಲ್ಲಿರುವುದು ಸೆಲ್ಲು ಎಂದಿದ್ದಾರೆ. ಈ ಊರಿನಲ್ಲಿ ಸೆಲ್ಲು ಎಂದರೆ ಮೊಬೈಲು. ಅವರು ಮೊಬೈಲಿಗಾಗಿ ಪೆಟ್ಟಿಗೆಯ ತಳದವರೆಗೆ ಹುಡುಕಿ, ಸಿಗದೆ, ಮತ್ತೆ ಕೇಳಿದ್ದಾರೆ. "ಸೆಲ್ಲು ಕೈಯಾಗ ಹಿಡ್ಕೊಂಡು, ಎಲ್ಲೈತಿ ಎಲ್ಲೈತಿ ಅಂತ ನನ್ನನ್ನ ಕೇಳಾಕತ್ತಾನವಾ ಅಂವ" ಎಂದು ವೈನಿ ನಕ್ಕರು. ಕಲಬುರಗಿ ಕಡೆಯ ಸಿಬ್ಬಂದಿಯೊಬ್ಬ ಬಂದು ಬಿಡಿಸಿ ಹೇಳುವ ಹೊತ್ತಿಗೆ ವಿಮಾನ ಹೋಗಿಯಾಗಿತ್ತು. ನಾನು ನಗುತ್ತ ನಗುತ್ತ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ. "ಅಳೂದು ಆಮ್ಯಾಲ. ಮೊದಲ ಹೇಳು, ವಿಮಾನದಾಗ ಚಾ ಕೊಡ್ತಾರೋ ಇಲ್ಲೋ? ಒಬ್ಬಾಕಿ ಕೊಡ್ತಾರ ಅಂದ್ಲು, ಒಬ್ಬಾಕಿ ಇಲ್ಲ ಅಂದ್ಲು" ಎಂದರು. ವಿಮಾನ ಇಳಿದು ಬಂದವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಕೇಳಿಕೊಂಡಿದ್ದರು.

ಮನೆಯಲ್ಲಿ ಅವ್ವ, ಅಣ್ಣ ಇಬ್ಬರೂ ಕಾದು ಕೂತಿದ್ದರು. ವೈನಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ಏರೂವಾಗ ಹೊಟ್ಟ್ಯಾಗ ಜೋಕಾಲಿ ಆಡಿದಂಗಾತ್ರಿ. ಕಿವಿ ಗಪ್ಪಂತ ಮುಚ್ಚಿದ್ವು. ಮೋಡ ನೋಡಿದ್ರ ಅರಳಿ ಹಿಂಜಿ ಹರವಿದಂಗ. ಚಾ ಕೊಡ್ತಾರ, ಆದ್ರ ರೊಕ್ಕಾ ತಗೋತಾರ." ಅವ್ವ ಬಾಯಿ ತೆರೆದು ಕೇಳಿದಳು. ಅಣ್ಣ ಅಷ್ಟು ಹೊತ್ತು ಹೆಂಡತಿಯ ಮಾತು ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಈಗ ದಾರಿ ಗೊತ್ತಾತಲ್ಲ ನಿನಗ" ಎಂದ. ಮುಂದಿನ ಸಲ ಒಬ್ಬಳೇ ಹೋಗಲು ಅಪ್ಪಣೆ ಸಿಕ್ಕಿದ್ದು ಹಾಗೆ.

ಆಮೇಲೆ ಎಷ್ಟೋ ಊರುಗಳಿಗೆ ಹೋಗಿಬಂದೆ. ಈಗ ಬ್ಯಾಟರಿಯ ಸಂಚಿಯನ್ನು ಕೇಳುವ ಮೊದಲೇ ತಪಾಸಣೆಯ ತಟ್ಟೆಯಲ್ಲಿ ತೆಗೆದಿಡುತ್ತೇನೆ. ನನ್ನ ಅನ್ನ, ನನ್ನ ಹೆಸರು, ಒಬ್ಬಳೇ ಹೋಟೆಲಿನ ಬಾಗಿಲು ತೆರೆದುಕೊಳ್ಳುವ ಧೈರ್ಯ, ಎಲ್ಲವೂ ವೈನಿ ಕೊಟ್ಟದ್ದು. ಬರ್ರಿ ವೈನಿ, ನಿಜವಾಗಿ ಒಮ್ಮೆ ಹೋಗಿ ಬರೋಣ ಎಂದು ಗುಟ್ಟಾಗಿ ಕರೆದಾಗಲೆಲ್ಲ ಅವರು ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ, "ನಾ ಹೋಗಿ ಬಂದೀನಲ್ಲವಾ, ಮತ್ಯಾಕ?" ಎನ್ನುತ್ತಿದ್ದರು. ಓಣಿಯಲ್ಲಿ ಅವರ ವಿಮಾನದ ಕತೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಒಂದು ಸಲ ಅದರಲ್ಲಿ ಗುಡುಗೂ ಮಿಂಚೂ ಸೇರಿಕೊಂಡವು. ನಾನೂ ಗಟ್ಟಿಮನಸ್ಸು ಮಾಡಿ ಟಿಕೆಟ್ ತೆಗೆಸಿ ಕೂರಿಸಲಿಲ್ಲ. ಮುಂದೆ ನೋಡೋಣ ಎಂದುಕೊಂಡೇ ಇದ್ದೆ.

ಹೋದ ವರ್ಷ ಹೊಟ್ಟೆಯ ಕಾಯಿಲೆ ಅವರನ್ನು ಮಲಗಿಸಿತು. ಆಸ್ಪತ್ರೆಯ ಮಂಚದ ಮೇಲೂ ಒಂದು ಮಗ್ಗುಲಲ್ಲಿ ಇರಲಿಲ್ಲ. ಹೊರಗೆ ಯಾರು ಬಂದರು, ಆಚೆ ಮಂಚದಾಕೆ ಉಂಡಳೋ ಇಲ್ಲವೋ ಎಂದು ನಮ್ಮನ್ನೇ ಓಡಾಡಿಸಿದರು. ನಾನು ಒಂದು ಮದುವೆಗೆ ಹೋಗಿದ್ದಾಗ ತೀರಿಹೋದರು. ವಾಪಸು ಬರುವ ವಿಮಾನದಲ್ಲಿ ಕೂತಲ್ಲಿ ಕೂರಲಾಗದೆ ಒದ್ದಾಡಿದೆ.

ಸೂತಕದ ದಿನಗಳೆಲ್ಲ ಮುಗಿದು ನೆಂಟರು ಹೊರಟುಹೋದ ಸಂಜೆ ಅಣ್ಣ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಚಹಾ ಕೊಟ್ಟೆ. ಅವನು ಲೋಟ ಕೆಳಗಿಟ್ಟು, "ನಾ ಆಕೀನ್ನ ಎಲ್ಲೂ ಕರ್ಕೊಂಡು ಹೋಗಲಿಲ್ಲ. ಆದ್ರ ನಿನ್ನಿಂದ ಒಮ್ಮೆರೆ ವಿಮಾನದಾಗ ಕೂತು ಬಂದ್ಲು. ಅದೊಂದು ಸಮಾಧಾನ ಐತಿ ನೋಡು ನನಗ" ಎಂದ.

ನಾನು ಅವನ ಮುಖ ನೋಡಲಿಲ್ಲ.

"ಹೌದಣ್ಣ," ಎಂದೆ. "ಕಿಟಕಿ ಕಡೆ ಸೀಟು ಸಿಕ್ಕಿತ್ತು."