ತಿಕೋಟಾದ ಟಪಾಲು, ಬಬಲೇಶ್ವರದ ಟಪಾಲು

ಎಪ್ಪತ್ತರ ದಶಕದಲ್ಲಿ ನನ್ನ ಹೊಟ್ಟೆ ಉರಿಸುತ್ತಿದ್ದುದು ತಂಗಿಯ ಸೀರೆಯೂ ಅಲ್ಲ, ಬಂಗಾರವೂ ಅಲ್ಲ. ಅವಳ ಊರಿನ ಟಪಾಲು. ನನ್ನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು, ಅವಳನ್ನು ತಿಕೋಟಾಕ್ಕೆ. ತವರುಮನೆ ವಿಜಾಪುರದ ಗಾಂಧಿ ಚೌಕದ ಹಿಂದೆ. ನಾಗರ ಪಂಚಮಿಗೆ ಬಾ ಎಂದು ಅಪ್ಪ ಕಾರ್ಡು ಹಾಕುತ್ತಿದ್ದ. ಕಾರ್ಡು ಬಾರದೆ ನನ್ನ ಅತ್ತೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಮೊದಲು ಬಂದ ಮಗಳು ಜೋಕಾಲಿಯಲ್ಲಿ ಮೊದಲು ಕೂಡಬೇಕು, ಅದು ನಮ್ಮ ಮನೆಯ ಪದ್ಧತಿ. ವರ್ಷವೂ ನಾನು ಹೋಗುವಷ್ಟರಲ್ಲಿ ಅವಳು ಜೀಕುತ್ತಿದ್ದಳು.

"ತಿಕೋಟಾದ ಟಪಾಲು ಲಗೂ ಮುಟ್ಟತೈತಿ ಬೇ" ಎನ್ನುತ್ತಿದ್ದಳು ಅವ್ವ.

ಬೇಗ ಮುಟ್ಟದೆ ಏನು! ಅಲ್ಲಿ ಪೋಸ್ಟಮನ್ ಸೈಕಲ್ ಮೇಲೆ ಬಾಗಿಲಿಗೇ ತಂದುಕೊಡುತ್ತಾನಂತೆ. ನಮ್ಮಲ್ಲಿ? ಕಿರಾಣಿ ಅಂಗಡಿಯ ಒಂದು ಮೂಲೆಯೇ ಪೋಸ್ಟಾಫೀಸು, ಅಂಗಡಿಯವನೇ ಮಾಸ್ತರ. ಚೀಲ ಬೆಳಿಗ್ಗೆಯೇ ಬಂದು ಬಿದ್ದಿರುತ್ತಿತ್ತು. ಇವನ ಪೂಜೆ, ಊಟ, ನಿದ್ದೆ ಮುಗಿದ ಮೇಲೆ ಬಿಚ್ಚಿ, ಕಟ್ಟೆಯ ಮೇಲೆ ನಿಂತು ಹೆಸರು ಕೂಗುತ್ತಿದ್ದ. ಹೆಂಗಸರು ಆ ಕಟ್ಟೆಗೆ ಹೋಗುವಂತಿಲ್ಲ. ನಮ್ಮ ಓಣಿಯ ಗಂಡಸು ಯಾವನೋ ಕಾರ್ಡು ಇಸಿದುಕೊಂಡು, ಎಲೆ-ಅಡಿಕೆ ಹಾಕಿ, ಹರಟೆ ಮುಗಿಸಿ ಮನೆಗೆ ಮುಟ್ಟಿಸುವಷ್ಟರಲ್ಲಿ ವಿಜಾಪುರದ ಬಸ್ಸು ಸಾರವಾಡ ದಾಟಿರುತ್ತಿತ್ತು.

ಒಂದು ವರ್ಷ ತಡೆಯಲಾಗಲಿಲ್ಲ. ಅತ್ತೆ ಹಿತ್ತಲಿಗೆ ಹೋದದ್ದೇ, ತಲೆಯ ಮೇಲೆ ಸೆರಗು ಎಳೆದುಕೊಂಡು ನೆಟ್ಟಗೆ ಕಟ್ಟೆಗೆ ಹೋದೆ.

"ಚೀಲಾ ಬಿಚ್ಚರಿ."

"ಯವ್ವಾ, ಇನ್ನಾ ಪೂಜಿ ಆಗಿಲ್ಲ" ಎಂದ ಮಾಸ್ತರ.

"ದೇವರು ಎಲ್ಲಿಗೂ ಹೋಗಂಗಿಲ್ಲ, ನನ್ನ ಬಸ್ಸು ಹೋಗತೈತ್ರಿ!"

ಗಂಡಸರು ಬಾಯಿ ಬಿಟ್ಟುಕೊಂಡು ನೋಡಿದರು. ಅವನು ಗೊಣಗುತ್ತಲೇ ಬಿಚ್ಚಿದ. ಕಾರ್ಡು ಬಂದಿತ್ತು! ಅತ್ತೆಯ ಮುಂದೆ ಹಿಡಿದು, ಗಂಟು ಕಟ್ಟಿ, ಓಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಈ ಸಲ ಜೋಕಾಲಿ ನನ್ನದು.

ಮನೆ ಹೊಕ್ಕರೆ, ಜಂತಿಗೆ ಕಟ್ಟಿದ ಹಗ್ಗ ಆಗಲೇ ಕಿರ್ರೆನ್ನುತ್ತಿತ್ತು.

"ನಿನಗ ಕಾರ್ಡು ಯಾವಾಗ ಮುಟ್ಟಿತು?" ಎಂದೆ, ಗಂಟನ್ನೂ ಇಳಿಸದೆ.

ತಂಗಿ ಕಾಲೂರಿ ಜೋಕಾಲಿ ನಿಲ್ಲಿಸಿದಳು. "ಯಾವ ಕಾರ್ಡು ಅಕ್ಕಾ? ನನಗ ಎಂದೂ ಕಾರ್ಡು ಬಂದಿಲ್ಲ. ಪ್ರತಿ ವರ್ಸಾ ಅಪ್ಪನೇ ಬಂದು ಕರಕೊಂಡು ಬರತಾನಲಾ."

ಒಳಗೆ ಉಂಡಿ ಕಟ್ಟುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಬಾ ಅಕ್ಕಾ, ನೀ ಕೂಡು" ಎಂದು ತಂಗಿ ಎದ್ದು ಜಾಗ ಬಿಟ್ಟಳು. ನಾನು ಕೂಡಲಿಲ್ಲ. ವಿಜಾಪುರದಿಂದ ತಿಕೋಟಾ ಎಷ್ಟು ದೂರವೋ, ಬಬಲೇಶ್ವರವೂ ಹೆಚ್ಚುಕಡಿಮೆ ಅಷ್ಟೇ ದೂರ.